ಹಳಿಗಳ ಮೇಲೆ ಬಂದ ಸ್ವರ

ಸೋಮವಾರ: ಹೊಳೆ ದಾಟಿ ಹುಬ್ಬಳ್ಳಿಗೆ

ಹರಿಹರದಲ್ಲಿ ಗಾಡಿ ತುಂಗಭದ್ರೆಯ ಸೇತುವೆ ಹತ್ತುವಾಗ ನಮ್ಮ ಕಡೆಯ ಪಕ್ಕವಾದ್ಯದವರು ಒಂದು ಹಳೆಯ ತಮಾಷೆ ಮಾಡುತ್ತಾರೆ: ತೊಡೆ ತಟ್ಟಿ ತಾಳ ಹಾಕುವುದು ಇಲ್ಲಿಗೆ ಮುಗಿಯಿತು, ಇನ್ನು ತಲೆಯಾಡಿಸಿ ‘ವ್ಹಾ’ ಎನ್ನುವುದನ್ನು ಕಲಿತುಕೊಳ್ಳಿ. ಹೊಳೆಯ ಈಚೆ ಕರ್ನಾಟಕ ಸಂಗೀತ, ಆಚೆ ಹಿಂದೂಸ್ತಾನಿ ಎಂದು ಯಾರೂ ಕೂತು ಗೆರೆ ಎಳೆದದ್ದಲ್ಲ. ಆದರೂ ಗೆರೆ ಇದೆ. ಮೈಸೂರಿನಲ್ಲಿ ಹುಟ್ಟಿ, ವರ್ಣ ಕೃತಿಗಳನ್ನು ಹಾಡಿಕೊಂಡೇ ಬೆಳೆದ ನನ್ನಂಥವರಿಗೆ ಆ ಸೇತುವೆ ಬಂದಾಗ ಕಿವಿ ತಾನಾಗಿ ಸ್ವಲ್ಪ ನೆಟ್ಟಗಾಗುತ್ತದೆ.

ನಾನು ಹೊರಟದ್ದು ಮಿರಜಿಗೆ, ಒಂದು ತಂಬೂರಿ ಮಾಡಿಸಲು. ಪಾಠಕ್ಕೆ ಬರುವ ಮಕ್ಕಳು ಮೊಬೈಲ್ ತೆಗೆದು, ಬೆರಳಿನಿಂದ ಒತ್ತಿ, ಶ್ರುತಿ ಬಂತು ಎಂದು ಕೂತುಬಿಡುತ್ತಾರೆ. ಬಿರಡೆ ತಿರುಗಿಸಿ ತಂತಿಯನ್ನು ಷಡ್ಜಕ್ಕೆ, ಅಂದರೆ ‘ಸ’ ಸ್ವರಕ್ಕೆ, ತರುವ ಕೆಲಸವನ್ನು ಅವರು ಕೈಯಾರೆ ಮಾಡಬೇಕೆಂಬುದು ನನ್ನ ಹಟ. ಮನೆಯಲ್ಲಿರುವ ಹಲಸಿನ ಮರದ ತಂಜಾವೂರು ತಂಬೂರಿಯನ್ನು ಎಳೆಯರ ಕೈಗೆ ಕೊಡಲು ಧೈರ್ಯ ಸಾಲದು. ನೇರವಾಗಿ ಮಿರಜಿಗೇ ಹೋಗಬಹುದಿತ್ತು. ಆದರೆ ದಾರಿಯಲ್ಲಿ ಹುಬ್ಬಳ್ಳಿ, ಕುಂದಗೋಳ, ಗದಗ, ಧಾರವಾಡಗಳನ್ನಿಟ್ಟುಕೊಂಡು ಕಣ್ಣು ಮುಚ್ಚಿ ಹೋಗುವ ಹಾಡುಗಾರರು ಯಾರಿದ್ದಾರೆ?

ಇನ್ನೊಂದು ಕಾರಣವೂ ಇತ್ತು. ಈ ಸೀಮೆಯ ಗಾಯಕರ ಹೆಸರು ಬಂದಾಗಲೆಲ್ಲ ಯಾರಾದರೊಬ್ಬರು ‘ಅದು ಧಾರವಾಡದ ನೀರಿನ ಗುಣ’ ಎನ್ನುತ್ತಾರೆ. ಕೇಳಿ ಕೇಳಿ ನನಗೆ ರೇಜಿಗೆ ಬಂದಿದೆ. ನೀರಿಗೆ ಅಂಥ ಗುಣವಿದ್ದಿದ್ದರೆ ಊರಿಗೆಲ್ಲ ಒಂದೇ ಕಂಠವಿರಬೇಕಿತ್ತು. ಸ್ವರ ಒಂದೂರಿಗೆ ಬರುವುದಕ್ಕೆ ದಾರಿ ಬೇಕು, ಬಂದವರಿಗೆ ಉಳಿಯಲು ಜಾಗ ಬೇಕು, ಉಳಿದವರಿಗೆ ಯಾರೋ ಅನ್ನ ಹಾಕಬೇಕು. ಅದನ್ನೇ ನೋಡಿ ಬರೋಣ ಎನ್ನಿಸಿತ್ತು.

ಹುಬ್ಬಳ್ಳಿಯ ಪ್ಲಾಟ್‌ಫಾರ್ಮ್ 1,507 ಮೀಟರ್ ಉದ್ದ. ಜಗತ್ತಿನ ಅತಿ ಉದ್ದದ ಪ್ಲಾಟ್‌ಫಾರ್ಮ್ ಎಂಬ ಖ್ಯಾತಿ ಅದಕ್ಕಿದೆ. ನನ್ನ ಡಬ್ಬಿ ಅದರ ತುದಿಯಲ್ಲಿ ನಿಂತಿತು. ಹೊರಗೆ ಬರುವಷ್ಟರಲ್ಲಿ ಖ್ಯಾತಿಯ ಬಗ್ಗೆ ಗೌರವ ಕಡಿಮೆಯಾಗಿತ್ತು.

ಸಂಜೆ ದೇಶಪಾಂಡೆ ನಗರದ ಕಡೆ ನಡೆದುಹೋದೆ. ಹಿಂದೂಸ್ತಾನಿ ಗಾಯಕಿ ಗಂಗೂಬಾಯಿ ಹಾನಗಲ್ಲರು ಬಾಳಿದ ಮನೆ ‘ಗಂಗಾಲಹರಿ’ ಇರುವುದು ಅಲ್ಲಿ. 1913ರಲ್ಲಿ ಧಾರವಾಡದಲ್ಲಿ ಹುಟ್ಟಿದ ಅವರು, 1928ರಲ್ಲಿ ಮನೆಯವರೊಂದಿಗೆ ಹುಬ್ಬಳ್ಳಿಗೆ ಬಂದದ್ದು ಹಿಂದೂಸ್ತಾನಿ ಕಲಿಯುವ ಸಲುವಾಗಿಯೇ. ಎಲ್ಲರೂ ಗಂಗೂಬಾಯಿಯವರ ಆ ಗಂಡುದನಿಯ ಬಗ್ಗೆ ಮಾತನಾಡುತ್ತಾರೆ. ನನ್ನ ತಲೆಯಲ್ಲಿದ್ದವರು ಅವರ ತಾಯಿ ಅಂಬಾಬಾಯಿ. ಆಕೆ ಕರ್ನಾಟಕ ಸಂಗೀತದ ಹಾಡುಗಾರ್ತಿ. ಉತ್ತರದ ಉಸ್ತಾದ ಅಬ್ದುಲ್ ಕರೀಂ ಖಾನರಂಥವರು ಕೂತು ಕೇಳುತ್ತಿದ್ದ ಹಾಡುಗಾರ್ತಿ. ಮಗಳು ಹಿಂದೂಸ್ತಾನಿ ಕಲಿಯತೊಡಗಿದಾಗ, ಆ ಕಿವಿಯಲ್ಲಿ ತನ್ನ ಶೈಲಿ ಬೆರೆಯಬಾರದೆಂದು ಮನೆಯಲ್ಲಿ ಹಾಡುವುದನ್ನೇ ಬಿಟ್ಟರು.

ಇದನ್ನು ತಾಯಿಯ ತ್ಯಾಗ ಎಂದು ಹೇಳಿ ಮುಗಿಸುವುದು ರೂಢಿ. ನನಗೆ ಅಷ್ಟಕ್ಕೆ ಸಮಾಧಾನವಾಗದು. ನನ್ನ ಪದ್ಧತಿಯ ಹಾಡುಗಾರ್ತಿಯೊಬ್ಬಳು ಬಾಯಿ ಮುಚ್ಚಿಕೊಂಡದ್ದರಿಂದ ಇನ್ನೊಂದು ಪದ್ಧತಿಗೆ ಅಂಥ ಮೇರು ಗಾಯಕಿ ದೊರೆತರು. ಅಂಬಾಬಾಯಿ ಏನು ಹಾಡುತ್ತಿದ್ದರು, ಅವರ ತೋಡಿ ಹೇಗಿತ್ತು, ಕಾಂಬೋಧಿ ಹೇಗಿತ್ತು ಎಂದು ಕೇಳಿ ತಿಳಿಯುವ ದಾರಿ ಇಂದು ಇಲ್ಲ. ಒಂದು ಸಂಗೀತ ಒಂದು ಊರಿಗೆ ಬರುವಾಗ ಅಲ್ಲಿ ಮೊದಲೇ ಇದ್ದ ಇನ್ನೊಂದು ಎದ್ದು ಜಾಗ ಕೊಟ್ಟಿರುತ್ತದೆ. ಆ ಲೆಕ್ಕವನ್ನು ಯಾರೂ ಬರೆದಿಡುವುದಿಲ್ಲ.

ಮಂಗಳವಾರ: ಕುಂದಗೋಳ

ಹುಬ್ಬಳ್ಳಿಯಿಂದ ಕುಂದಗೋಳಕ್ಕೆ ಪ್ಯಾಸೆಂಜರ್ ಗಾಡಿಯಲ್ಲಿ ಹೋಗುವುದು ಒಳ್ಳೆಯದು. ಬಸ್ಸೂ ಇದೆ. ಆದರೆ ಈ ಊರಿನ ಸಂಗೀತದ ಕಥೆ ನಡೆದದ್ದೇ ಈ ಹಳಿಯ ಮೇಲೆ. 1886ರಲ್ಲಿ ಹುಟ್ಟಿದ ರಾಮಭಾವು ಎಂಬ ಹುಡುಗ ಇಲ್ಲಿಂದ ರೈಲಿನಲ್ಲಿ ಹುಬ್ಬಳ್ಳಿಯ ಲ್ಯಾಮಿಂಗ್ಟನ್ ಹೈಸ್ಕೂಲಿಗೆ ಹೋಗಿ ಬರುತ್ತಿದ್ದ. ಮುಂದೆ ಆತನೇ ಸವಾಯಿ ಗಂಧರ್ವ ಎಂಬ ಹೆಸರಿನ ದೊಡ್ಡ ಗಾಯಕರಾದಾಗ, ಅವರಿಂದ ಕಲಿಯಲು ಗಂಗೂಬಾಯಿ ಅದೇ ಹಳಿಯ ಮೇಲೆ ಎದುರು ದಿಕ್ಕಿನಿಂದ, ಹುಬ್ಬಳ್ಳಿಯಿಂದ ಕುಂದಗೋಳಕ್ಕೆ ಬಂದು ಹೋದರು. ಕರಿಮಣ್ಣಿನ ಹೊಲಗಳ ನಡುವೆ ಗಾಡಿ ನಿಧಾನವಾಗಿ ಹೋಗುವಾಗ, ನಿನ್ನೆ ಕಲಿತದ್ದನ್ನು ಮನಸ್ಸಿನಲ್ಲೇ ತಿರುವಿ ಹಾಕಲು ಇದಕ್ಕಿಂತ ಒಳ್ಳೆಯ ಜಾಗ ಇರಲಾರದು ಎನ್ನಿಸಿತು. ನಾನೂ ಒಂದು ಆಲಾಪನೆಯನ್ನು ಒಳಗೇ ಬೆಳೆಸಿದೆ. ಎದುರಿಗೆ ಕೂತಿದ್ದ ಹಿರಿಯರೊಬ್ಬರು ನನ್ನ ತುಟಿಯ ಅಲುಗಾಟ ನೋಡಿ, ಜಪ ಮಾಡುತ್ತಿದ್ದೇನೆಂದು ತಿಳಿದು ಕಾಲು ಹಿಂದಕ್ಕೆಳೆದುಕೊಂಡರು.

ಊರಿನಲ್ಲಿ ಆಟೋದವನಿಗೆ ನಾಡಿಗೇರ ವಾಡೆ ಎಂದೆ. ‘ಹಾಡಿನ ವಾಡೆ ತಾನೆ ಅಕ್ಕಾ?’ ಎಂದ. ಸವಾಯಿ ಗಂಧರ್ವರ ತಂದೆ ಇದೇ ನಾಡಿಗೇರರಲ್ಲಿ ಕಾರಕೂನರಾಗಿದ್ದವರು. ಮೈಸೂರು ದಸರಾ ದರ್ಬಾರಿಗೆ ಹೋಗಿ ಬರುವ ದಾರಿಯಲ್ಲಿ ಅಬ್ದುಲ್ ಕರೀಂ ಖಾನರು ಇಲ್ಲಿ ಇಳಿದುಕೊಳ್ಳುತ್ತಿದ್ದರು. ಕೆಲವು ದಿನ ಉಳಿದರೆ ಮನೆಯಲ್ಲಿ ಹಾಡು, ಪಾಠ. ಖಾನರು ರಾಮಭಾವುವನ್ನು ಶಿಷ್ಯನಾಗಿ ತೆಗೆದುಕೊಂಡದ್ದು ಎಂಟು ವರ್ಷ ತಮ್ಮ ಬಳಿಯೇ ಇರಬೇಕೆಂಬ ಕರಾರಿನ ಮೇಲೆ.

ಖಾನರ ಗಾಯನ ಪರಂಪರೆಯಾದ ಕಿರಾಣಾ ಘರಾಣೆಗೆ ಹೆಸರು ಕೊಟ್ಟ ಕೈರಾನಾ ಇರುವುದು ದೂರದ ಉತ್ತರ ಪ್ರದೇಶದಲ್ಲಿ. ಅದರ ಅತಿ ದೊಡ್ಡ ದನಿಗಳು ಅರಳಿದ್ದು ಈ ಹತ್ತಿ ಮೆಣಸಿನಕಾಯಿಯ ಸೀಮೆಯಲ್ಲಿ. ಹೇಗೆ ಎಂದು ಕೇಳಿದರೆ ಉತ್ತರ ಕಣ್ಣೆದುರಿಗೇ ಇದೆ: ಪುಣೆ, ಮಿರಜಿನ ಕಡೆಯಿಂದ ಮೈಸೂರಿಗೆ ಹೋಗುವ ಹಳಿಯ ಮೇಲೆ ಈ ಊರಿಗೊಂದು ನಿಲ್ದಾಣವಿತ್ತು, ನಿಲ್ದಾಣದಿಂದ ಸ್ವಲ್ಪ ದೂರದಲ್ಲಿ ತಿಂಗಳುಗಟ್ಟಲೆ ಅತಿಥಿಯನ್ನು ಸಾಕಬಲ್ಲ ಒಂದು ಮನೆ ಇತ್ತು. ಆ ಮನೆಯ ಕಣಜ ತುಂಬಿಸಿದ ರೈತರೂ ಈ ಘರಾಣೆಯ ಪೋಷಕರೇ. ಅವರ ಹೆಸರು ಯಾವ ಫಲಕದ ಮೇಲೂ ಕಾಣುವುದಿಲ್ಲ ಅಷ್ಟೆ.

ಇಲ್ಲೇ, 1930ರ ದಶಕದ ಉತ್ತರಾರ್ಧದಲ್ಲಿ, ಮುಂದೆ ಭೀಮಸೇನ ಜೋಶಿ ಎಂದು ಹೆಸರಾದ ಹುಡುಗ ಸವಾಯಿ ಗಂಧರ್ವರ ಮನೆಗೆ ನೀರು ಹೊರುತ್ತ ಕಲಿತ. ಅಬ್ದುಲ್ ಕರೀಂ ಖಾನರ ಗ್ರಾಮಫೋನ್ ತಟ್ಟೆ ಕೇಳಿ, ಹಾಗೆ ಹಾಡಲೇಬೇಕೆಂದು ಎಳವೆಯಲ್ಲೇ ಮನೆ ಬಿಟ್ಟು ಓಡಿದವನು. ಗ್ವಾಲಿಯರ್‌, ಕೋಲ್ಕತ್ತ, ಜಲಂಧರ್ ಎಂದು ದೇಶವೆಲ್ಲ ಸುತ್ತಿ ಗುರುವನ್ನು ಹುಡುಕಿದವನಿಗೆ ಕೊನೆಗೆ ಗುರು ಸಿಕ್ಕಿದ್ದು ತನ್ನ ಗದಗಿನಿಂದ ಕೆಲವೇ ಗಂಟೆಗಳ ದೂರದಲ್ಲಿ. ಆ ಸುತ್ತಾಟ ವ್ಯರ್ಥವಾಯಿತೆಂದು ನಾನು ಹೇಳಲಾರೆ. ಓಡುವ ಗಾಡಿಗಳಲ್ಲಿ ಹಾಡಿ, ಸಿಕ್ಕಸಿಕ್ಕವರಿಂದ ಕೇಳಿ ತುಂಬಿಕೊಂಡದ್ದೇ ಮುಂದೆ ಅವರ ತಾನುಗಳ ಹಸಿವಾಯಿತೇನೋ.

ಮಧ್ಯಾಹ್ನ ಚಾಲುಕ್ಯರ ಕಾಲದ ಶಂಭುಲಿಂಗ ದೇವಸ್ಥಾನ ನೋಡಿ, ಸಂಜೆಯ ಗಾಡಿಗೆ ಹುಬ್ಬಳ್ಳಿಗೆ ವಾಪಸಾದೆ.

ಬುಧವಾರ: ಗದಗ

ಗದಗಿನಲ್ಲಿ ಕುಮಾರವ್ಯಾಸನ ವೀರನಾರಾಯಣನಿಗೆ ಒಂದು ನಮಸ್ಕಾರ ಹಾಕಿ ನೇರವಾಗಿ ವೀರೇಶ್ವರ ಪುಣ್ಯಾಶ್ರಮಕ್ಕೆ ಹೋದೆ. ಕುಂದಗೋಳದ್ದು ವಾಡೆಯ ಅನ್ನವಾದರೆ ಇಲ್ಲಿಯದು ಜೋಳಿಗೆಯ ಅನ್ನ. ಕಣ್ಣಿಲ್ಲದ ಪಂಚಾಕ್ಷರಿ ಗವಾಯಿಗಳು (1892–1944) ಕಟ್ಟಿದ್ದನ್ನು, ಕಣ್ಣಿಲ್ಲದ ಅವರ ಶಿಷ್ಯ ಪುಟ್ಟರಾಜ ಗವಾಯಿಗಳು (1914–2010) ಊರೂರು ಸುತ್ತಿ ಬೆಳೆಸಿದರು. ಭಕ್ತರು ನಾಣ್ಯಗಳಿಂದ ಅವರ ತುಲಾಭಾರ ಮಾಡುತ್ತಿದ್ದರು. ತಕ್ಕಡಿಯಲ್ಲಿ ಬಿದ್ದ ಹಣ ಮಕ್ಕಳ ಊಟಕ್ಕೆ ಹೋಗುತ್ತಿತ್ತು. ಆಶ್ರಮದ ನಾಟಕ ಕಂಪನಿಯೂ ಊರಿಂದೂರಿಗೆ ಹೋಗಿ ಗಳಿಸುತ್ತಿತ್ತು. ಬಸವರಾಜ ರಾಜಗುರುಗಳಂಥ ಗಾಯಕರು ಇಲ್ಲಿಂದಲೇ ಬಂದವರು.

ಆಶ್ರಮದ ಅಂಗಳದಲ್ಲಿ ನಿಂತರೆ ಮೊದಲು ಕಿವಿಗೆ ಗಾಬರಿಯಾಗುತ್ತದೆ. ಒಂದು ಕೋಣೆಯಲ್ಲಿ ಭೂಪ, ಇನ್ನೊಂದರಲ್ಲಿ ಭೈರವ, ಮತ್ತೊಂದರಲ್ಲಿ ತಬಲಾ ಕಾಯಿದೆ, ಜಗುಲಿಯ ಮೇಲೆ ವಚನ ಗಾಯನ. ನಮ್ಮಲ್ಲಿ ಮಕ್ಕಳಿಗೆ ಪಾಠಕ್ಕೆ ಕೋಣೆ ನಿಶ್ಶಬ್ದವಾಗಿರಬೇಕು ಎನ್ನುತ್ತೇವೆ. ಇಲ್ಲಿನ ಹುಡುಗರು ಆ ಸಂತೆಯ ನಡುವೆ ತಮ್ಮ ಷಡ್ಜವನ್ನು ಬಿಗಿಯಾಗಿ ಹಿಡಿದು ಕೂತಿದ್ದರು. ಅದಕ್ಕಿಂತ ದೊಡ್ಡ ಸಾಧನೆ ಬೇರೆ ಬೇಕೆ?

ಹಾರ್ಮೋನಿಯಂ ಮುಂದೆ ಕೂತಿದ್ದ ಹನ್ನೆರಡು ಹದಿಮೂರರ ಹುಡುಗನೊಬ್ಬ ನಾನು ಮಾತನಾಡುವುದನ್ನು ಸ್ವಲ್ಪ ಹೊತ್ತು ಕೇಳಿ, ‘ಅಕ್ಕಾ, ನೀವು ಹಾಡುವವರು. ಬಿಳಿ ಐದಿನವರು ಇರಬೇಕು’ ಎಂದ. ಹಾರ್ಮೋನಿಯಂನ ಐದನೆಯ ಬಿಳಿ ಮನೆಯ ಶ್ರುತಿ ಅದು, ನಾವು ಐದು ಮನೆ ಶ್ರುತಿ ಎನ್ನುವುದು ಅದಕ್ಕೇ. ಸರಿಯಾಗಿಯೇ ಹೇಳಿದ್ದ. ಹಾಡಿ ಎಂದ. ಮೋಹನ ರಾಗದ ಒಂದು ಕೃತಿಯ ಪಲ್ಲವಿ ಹಾಡಿದೆ. ಅವನ ಬೆರಳುಗಳು ಅದೇ ಸ್ವರಗಳ ತಮ್ಮ ಭೂಪವನ್ನು ಹಿಡಿದು ಹಿಂದೆಯೇ ಬಂದವು. ಆದರೆ ನಾನು ಗಾಂಧಾರವನ್ನು, ಅಂದರೆ ‘ಗ’ ಸ್ವರವನ್ನು, ಅಲುಗಿಸಿದಲ್ಲೆಲ್ಲ ಅವನು ಮುಖ ಸಣ್ಣಗೆ ಕಿವುಚಿ ನಿಲ್ಲುತ್ತಿದ್ದ. ಹಾರ್ಮೋನಿಯಂ ಮನೆಗಳಿಗೆ ಆ ಅಲುಗಾಟ ಬರುವುದಿಲ್ಲ. ಕೊನೆಗೆ ‘ನಿಮ್ಮ ಗಾಂಧಾರಕ್ಕೆ ಕಾಲು ನಿಲ್ಲುವುದಿಲ್ಲವೇ?’ ಎಂದು ಕೇಳಿದ. ಪಕ್ಕದ ಹುಡುಗರೆಲ್ಲ ನಕ್ಕರು, ನಾನೂ ನಕ್ಕೆ. ಆ ಪ್ರಶ್ನೆ ಮಾತ್ರ ಧಾರವಾಡದವರೆಗೂ ಬೆನ್ನು ಬಿಡಲಿಲ್ಲ.

ಗುರುವಾರ: ಧಾರವಾಡ

ಬೆಳಿಗ್ಗೆ ಮಲ್ಲಿಕಾರ್ಜುನ ಮನ್ಸೂರರ ಮನೆ ‘ಮೃತ್ಯುಂಜಯ’ಕ್ಕೆ ಹೋದೆ. ಈಗ ಅದು ಸ್ಮಾರಕ. ದೊಡ್ಡ ಮನೆಯೇನಲ್ಲ. ದೇಶವೆಲ್ಲ ಕೊಂಡಾಡಿದ ಗಾಯಕ ಇಷ್ಟರಲ್ಲೇ ಬಾಳಿದರಲ್ಲ ಎನ್ನಿಸುವಂಥ ಮನೆ.

ಧಾರವಾಡದ ನೀರಿನ ವಾದಕ್ಕೆ ಮನ್ಸೂರರ ಬದುಕೇ ಸಾಕಷ್ಟು ಉತ್ತರ. 1910ರ ಡಿಸೆಂಬರ್ 31ರಂದು ಇಲ್ಲೇ ಪಕ್ಕದ ಮನ್ಸೂರಿನಲ್ಲಿ ಹುಟ್ಟಿದರು, ನಿಜ. ಆದರೆ ಕಂಠ ತಿದ್ದಿದ್ದು ಎಲ್ಲಿ? ಹುಡುಗನಾಗಿ ಸೇರಿದ್ದು ಊರೂರು ತಿರುಗುವ ನಾಟಕ ಕಂಪನಿ. ಅಲ್ಲಿ ಹಾಡುತ್ತಿದ್ದವನನ್ನು ಕೇಳಿ ಗ್ವಾಲಿಯರ್ ಘರಾಣೆಯ ನೀಲಕಂಠಬುವಾ ಮಿರಜಿಗೆ ಕರೆದೊಯ್ದರು. ಅಲ್ಲಿಂದ ಮುಂಬೈ, ಜೈಪುರ–ಅತ್ರೌಲಿ ಘರಾಣೆಯ ಮಂಜಿ ಖಾನ್, ಅವರು ಅಕಾಲದಲ್ಲಿ ತೀರಿಕೊಂಡ ಮೇಲೆ ತಮ್ಮ ಬುರ್ಜಿ ಖಾನ್. ಶಿವಮತ ಭೈರವ, ಖಟ್, ಸಂಪೂರ್ಣ ಮಾಲಕಂಸದಂಥ ಅಪರೂಪದ ರಾಗಗಳು ಧಾರವಾಡಕ್ಕೆ ಬಂದದ್ದು ಹೀಗೆ, ಮೂರು ಊರುಗಳ ಮೇಲೆ ಹಾಯ್ದು. ಲಿಂಗಾಯತ ಹುಡುಗನಿಗೆ ಮೊದಲು ಮಿರಜಿನ ಬುವಾ, ಆಮೇಲೆ ಮುಸ್ಲಿಂ ಉಸ್ತಾದರು. ಕೊನೆಯಲ್ಲಿ ಅವರು ಶಿವಶರಣರ ವಚನ ಹಾಡಿದಾಗ ಆ ಎಲ್ಲ ಪಾಠವೂ ಅದರೊಳಗಿತ್ತು.

ಊರಿಗೆ ಬಂದು ನಿಂತವರೂ ಹಲವರು. ಭಾಸ್ಕರಬುವಾ ಬಖಲೆ ಇಲ್ಲಿನ ಶಿಕ್ಷಕರ ತರಬೇತಿ ಕಾಲೇಜಿನಲ್ಲಿ ಸಂಗೀತ ಕಲಿಸಿದರು. ಸಿತಾರರತ್ನ ರಹಿಮತ್ ಖಾನರು ನೆಲೆಸಿ, ಅವರ ಮನೆತನ ಮೊಮ್ಮಗ ಬಾಲೆ ಖಾನರವರೆಗೆ, ಅವರ ಮಕ್ಕಳವರೆಗೆ ಸಿತಾರ್ ಹಿಡಿದೇ ಬಂತು. 1950ರಲ್ಲಿ ಆಕಾಶವಾಣಿ ಬಂದ ಮೇಲೆ ಹಾಡುಗಾರರಿಗೆ ಸಂಬಳದ ಕೆಲಸವೂ ಸಿಕ್ಕಿತು. ಕಾಲೇಜು, ರೇಡಿಯೋ, ನಾಟಕ ಕಂಪನಿ, ರೈಲು. ಇವನ್ನೆಲ್ಲ ಬಿಟ್ಟು ನೀರನ್ನು ಹೊಗಳುವುದು ಸುಲಭ. ನೀರಿಗೆ ಸಂಬಳ ಕೊಡಬೇಕಾಗಿಲ್ಲವಲ್ಲ.

ಸಂಜೆ ಪರಿಚಯದ ತಬಲಾ ಶಿಕ್ಷಕರೊಬ್ಬರ ಮನೆಯಲ್ಲಿ ಹತ್ತಿಪ್ಪತ್ತು ಜನ ಸೇರಿದ್ದರು. ಹಾಡಲೇಬೇಕೆಂದರು. ಪಿಟೀಲು, ಮೃದಂಗ ಇಲ್ಲ, ಬರೀ ತಂಬೂರಿ. ತೋಡಿ ಎತ್ತಿಕೊಂಡೆ. ಇವರ ತೋಡಿ ನಮ್ಮ ಶುಭಪಂತುವರಾಳಿಯ ಸ್ವರಗಳದ್ದು. ನಮ್ಮ ತೋಡಿಯ ಸ್ವರಗಳು ಇವರ ಭೈರವಿಯವು. ಅದು ಕೂತಿದ್ದವರಿಗೆಲ್ಲ ಗೊತ್ತಿತ್ತು. ಕಷ್ಟ ಇದ್ದದ್ದು ಬೇರೆ ಕಡೆ. ನಮ್ಮ ತೋಡಿಯ ಜೀವವಿರುವುದು ಗಾಂಧಾರದ ಕಂಪನದಲ್ಲಿ. ಆ ಗಾಂಧಾರ ರಿಷಭದ ಹತ್ತಿರದಿಂದ ಮಧ್ಯಮದ ಕಡೆಗೆ ತೂಗುತ್ತದೆ, ಒಂದೆಡೆ ಕೂರುವುದಿಲ್ಲ. ಆಲಾಪನೆ ಮುಗಿದಾಗ ಮುಂದಿನ ಸಾಲಿನ ಹಿರಿಯರು, ಕಿರಾಣಾದಲ್ಲಿ ತರಬೇತಾದವರು, ಬಹಳ ನಯವಾಗಿ ಕೇಳಿದರು: ‘ತಂಗಿ, ಆ ಗಾಂಧಾರವನ್ನು ಒಂದು ಗಳಿಗೆ ನಿಲ್ಲಿಸಿ ತೋರಿಸುತ್ತೀರಾ? ಅದರ ಮುಖ ನೋಡಬೇಕು.’

ನಿಲ್ಲಿಸಿದರೆ ಅದು ತೋಡಿಯೇ ಅಲ್ಲ ಎಂದೆ.

ಅವರು ಒಪ್ಪಲಿಲ್ಲ. ನಿಲ್ಲದ ಸ್ವರವನ್ನು ಶ್ರುತಿಯೊಂದಿಗೆ ಹೇಗೆ ಸೇರಿಸುತ್ತೀರಿ ಎಂದರು. ಆಮೇಲೆ ತಾವೇ ಪೂರಿಯಾ ಹಾಡಿ ತೋರಿಸಿದರು. ಮಂದ್ರದ ನಿಷಾದ ಹಿಡಿದು ಷಡ್ಜಕ್ಕೆ ಬರಲು ಅವರು ತೆಗೆದುಕೊಂಡ ಹೊತ್ತಿನಲ್ಲಿ ನಾವು ಒಂದು ಚರಣ ಮುಗಿಸಿರುತ್ತೇವೆ. ಆದರೆ ಆ ಷಡ್ಜ ಬಂದಾಗ ಕೋಣೆಯಲ್ಲಿದ್ದ ಎರಡು ತಂಬೂರಿಗಳೊಳಗೆ ಅದು ಕರಗಿಹೋಯಿತು. ದನಿ ಎಲ್ಲಿ ಮುಗಿಯಿತು, ತಂತಿ ಎಲ್ಲಿ ಶುರುವಾಯಿತು ಎಂದು ಹೇಳುವಂತಿರಲಿಲ್ಲ. ಇಂಥದ್ದನ್ನು ಸಭೆಯ ಮೈಕಿನಲ್ಲಿ ಎಷ್ಟೇ ಕೇಳಿದ್ದರೂ ಮೂರಡಿ ದೂರದಲ್ಲಿ ಕೇಳುವುದೇ ಬೇರೆ.

ನನ್ನ ಅಭಿಪ್ರಾಯವನ್ನೂ ಹೇಳಿಬಿಡುತ್ತೇನೆ. ನಿಧಾನವೆಲ್ಲ ಆಳವಲ್ಲ. ಏನೂ ಹೇಳಲಿಕ್ಕಿಲ್ಲದವರ ವಿಲಂಬಿತವನ್ನು ನಾನು ಸಾಕಷ್ಟು ಕೇಳಿದ್ದೇನೆ, ಅದು ಬರೀ ತಡ. ನಮ್ಮಲ್ಲಿ ಕೃತಿ ಎಂಬ ಭದ್ರವಾದ ಕಟ್ಟಡವಿದೆ. ಸಾಧಾರಣ ಹಾಡುಗಾರರನ್ನೂ ತ್ಯಾಗರಾಜರು, ದೀಕ್ಷಿತರು ಕೈ ಹಿಡಿದು ದಡ ಮುಟ್ಟಿಸುತ್ತಾರೆ. ಅವರಲ್ಲಿ ಆ ಆಸರೆ ಕಡಿಮೆ. ಬಂದಿಶಿನ ಎರಡು ಸಾಲು ಕೊಟ್ಟು ಗುರು ಹೊರಟುಹೋಗುತ್ತಾರೆ, ಮುಂದಿನದು ನಿನ್ನ ಪಾಡು. ಆದರೆ ಆ ಆಸರೆಯ ಬಲದಿಂದಲೇ ನಾವು ತಂಬೂರಿಯ ಕಡೆ ಕಿವಿ ಕೊಡುವುದನ್ನು ಕಡಿಮೆ ಮಾಡಿದೆವು. ಮೃದಂಗ, ಘಟ, ಪಿಟೀಲಿನ ಭರಾಟೆಯಲ್ಲಿ ತಂಬೂರಿ ವೇದಿಕೆಯ ಹಿಂದೆ ಸರಿದು, ಪೆಟ್ಟಿಗೆಯಾಗಿ, ಈಗ ಮೊಬೈಲಿನೊಳಗೆ ಹೊಕ್ಕಿದೆ. ಗದಗಿನ ಹುಡುಗನ ಪ್ರಶ್ನೆಗೆ ನನ್ನಲ್ಲಿ ಉತ್ತರವಿದೆ, ಗಾಂಧಾರ ನಿಲ್ಲಬೇಕಾಗಿಲ್ಲ. ಆದರೆ ಅದು ತೂಗುವ ಹಗ್ಗವನ್ನು ಕಟ್ಟಿರುವ ಕೊಂಬೆ ಗಟ್ಟಿಯಿರಬೇಕು.

ರಾತ್ರಿ ಊಟಕ್ಕೆ ಜೋಳದ ರೊಟ್ಟಿ, ಎಣ್ಣೆಗಾಯಿ. ಹಿರಿಯರು ತಮ್ಮ ಪಕ್ಕದಲ್ಲೇ ಕೂರಿಸಿಕೊಂಡು, ಊಟ ಮುಗಿಯುವವರೆಗೂ ತೋಡಿಯ ಗಾಂಧಾರದ ಬಗ್ಗೆಯೇ ವಾದಿಸಿದರು.

ಶುಕ್ರವಾರ: ಮಿರಜಿನ ಗಾಡಿ

ಧಾರವಾಡ ಬಿಟ್ಟ ಗಾಡಿ ಅಳ್ನಾವರದಿಂದಾಚೆ ಕಾಡಿಗೆ ಇಳಿದು, ಲೋಂಡಾ ಸುತ್ತಿ ಬೆಳಗಾವಿಗೆ ಏರುತ್ತದೆ. 1880ರ ದಶಕದಲ್ಲಿ ಸದರ್ನ್ ಮರಾಠಾ ರೈಲ್ವೆ ಈ ಸೀಮೆಯಲ್ಲಿ ಮೀಟರ್‌ಗೇಜ್ ಹಳಿ ಹಾಸತೊಡಗಿತು. ಹತ್ತೊಂಬತ್ತನೆಯ ಶತಮಾನ ಮುಗಿಯುವುದರೊಳಗೆ ಪುಣೆ, ಮಿರಜ್, ಬೆಳಗಾವಿ, ಧಾರವಾಡ, ಹುಬ್ಬಳ್ಳಿಗಳನ್ನು ಪೋಣಿಸಿ ಅದು ಮೈಸೂರು ಸೀಮೆಯ ಹಳಿಗೆ ಕೂಡಿಕೊಂಡಿತ್ತು. ಹಳಿ ಹಾಕಿದ್ದು ಹತ್ತಿಗಾಗಿ, ಬರಗಾಲದ ದವಸಕ್ಕಾಗಿ. ಉಸ್ತಾದರು, ನಾಟಕ ಕಂಪನಿಗಳ ಪರದೆ ಪೆಟ್ಟಿಗೆಗಳು, ಗ್ರಾಮಫೋನ್ ತಟ್ಟೆಗಳು ಅದರ ಮೇಲೆ ಟಿಕೆಟ್ ತೆಗೆದುಕೊಂಡು ಬಂದವು.

ಬೆಳಗಾವಿಯಲ್ಲಿ ಗಾಡಿ ಸ್ವಲ್ಪ ಹೆಚ್ಚೇ ನಿಂತಿತು. 1924ರಲ್ಲಿ ಗಾಂಧೀಜಿ ಅಧ್ಯಕ್ಷತೆ ವಹಿಸಿದ ಕಾಂಗ್ರೆಸ್ ಅಧಿವೇಶನದಲ್ಲಿ ಸ್ವಾಗತ ಗೀತೆ ಹಾಡಿದ ಮಕ್ಕಳಲ್ಲಿ ಗಂಗೂಬಾಯಿಯೂ ಇದ್ದರು. ಹಾಡಿದ ಮೇಲೆ, ಜಾತಿಯ ಕಾರಣಕ್ಕೆ ತನ್ನನ್ನು ಎಂಜಲು ಎತ್ತಲು ಹೇಳಿಯಾರೆಂಬ ಅಂಜಿಕೆ ಇತ್ತೆಂದು ಅವರೇ ಮುಂದೆ ನೆನೆದಿದ್ದಾರೆ. ಸಂಗೀತಕ್ಕೆ ಜಾತಿಯಿಲ್ಲ ಎಂದು ಸಭೆಗಳಲ್ಲಿ ನಾವು ಆಡುವ ಮಾತು ಕೇಳಲು ಚೆನ್ನ. ಹಾಡಿದವರ ಎದೆಯೊಳಗೆ ಏನಿತ್ತೆಂದು ಕೇಳಿದರೆ ಬೇರೆಯೇ ಕಥೆ ಬರುತ್ತದೆ.

ಮುಂದೆ ಸುಳೇಭಾವಿ. ಕುಮಾರ ಗಂಧರ್ವರು, ಅಂದರೆ ಶಿವಪುತ್ರ ಸಿದ್ಧರಾಮಯ್ಯ ಕೊಂಕಾಳಿಮಠ, ಹುಟ್ಟಿದ ಊರು. ಗಾಡಿ ನಿಲ್ಲಲಿಲ್ಲ, ಹಳದಿ ಫಲಕ ಓದುವಷ್ಟರಲ್ಲಿ ದಾಟಿತು. ಘಟಪ್ರಭಾ, ರಾಯಬಾಗ, ಕುಡಚಿಯ ಕೃಷ್ಣಾ ಸೇತುವೆ, ಉಗಾರ. ಎಲ್ಲಿ ನೋಡಿದರೂ ಕಬ್ಬು. ಡಬ್ಬಿಯಲ್ಲಿ ಒಂದೇ ವಾಕ್ಯ ಕನ್ನಡದಲ್ಲಿ ಶುರುವಾಗಿ ಮರಾಠಿಯಲ್ಲಿ ಮುಗಿಯತೊಡಗಿದಾಗ ಮಿರಜ್ ಹತ್ತಿರವಾಯಿತೆಂದು ತಿಳಿಯಿತು.

ಸಂಜೆಯೇ ಖ್ವಾಜಾ ಮೀರಾಸಾಹೇಬರ ದರ್ಗಾಕ್ಕೆ ಹೋದೆ. ಅಬ್ದುಲ್ ಕರೀಂ ಖಾನರ ಸಮಾಧಿ ಇರುವುದು ಈ ಆವರಣದಲ್ಲಿ. ಪ್ಲೇಗಿನಿಂದ ನರಳುತ್ತ ಇಲ್ಲಿ ಬಂದು ಹಾಡಿ ಗುಣವಾದರು, ಆಮೇಲೆ ಮಿರಜನ್ನೇ ಊರು ಮಾಡಿಕೊಂಡರು ಎಂಬುದು ಇಲ್ಲಿನವರು ಹೇಳುವ ಕಥೆ. ಪ್ರತಿವರ್ಷ ಉರುಸಿನಲ್ಲಿ ಅವರ ನೆನಪಿಗೆ ಗಾಯಕರು ಬಂದು ಹಾಡುತ್ತಾರೆ.

ನನಗೆ ಖಾನರೆಂದರೆ ಮೊದಲು ನೆನಪಾಗುವುದು ಅವರು ಹಾಡಿರುವ ತ್ಯಾಗರಾಜರ ಖರಹರಪ್ರಿಯ ಕೃತಿಯ ಹಳೆಯ ಧ್ವನಿಮುದ್ರಿಕೆ. ಸಾಹಿತ್ಯ ಉಚ್ಚಾರಣೆಯಲ್ಲಿ ನಮ್ಮವರು ನೂರು ತಪ್ಪು ಹುಡುಕಬಹುದು. ಆದರೆ ಉತ್ತರದ ಉಸ್ತಾದರೊಬ್ಬರು ದಕ್ಷಿಣಕ್ಕೆ ಬಂದು, ಕೇಳಿ, ಇಷ್ಟಪಟ್ಟು, ಕಲಿತು, ತಟ್ಟೆಯ ಮೇಲೆ ಹಾಡಿ ಇಟ್ಟುಹೋದರಲ್ಲ. ನಮ್ಮಲ್ಲಿ ಎಷ್ಟು ಜನ ಅವರ ಖಯಾಲನ್ನು ಅಷ್ಟು ಆಸ್ಥೆಯಿಂದ ಕಲಿತರು? ನಾವು ಹೆಚ್ಚೆಂದರೆ ಕಚೇರಿಯ ಕೊನೆಗೆ ಒಂದು ಅಭಂಗ ಹಾಡಿ ಚಪ್ಪಾಳೆ ತೆಗೆದುಕೊಳ್ಳುತ್ತೇವೆ. ಅವರು ತೀರಿಕೊಂಡದ್ದೂ ದಕ್ಷಿಣದ ಪ್ರಯಾಣದಲ್ಲೇ. 1937ರ ಅಕ್ಟೋಬರ್ 27ರಂದು, ಮದ್ರಾಸಿನಿಂದ ಪುದುಚೇರಿಗೆ ಹೋಗುವಾಗ ಮೈಯಲ್ಲಿ ಹುಷಾರಿಲ್ಲವಾಗಿ ಸಿಂಗಪೆರುಮಾಳ್ ಕೋಯಿಲ್ ಎಂಬ ಸಣ್ಣ ನಿಲ್ದಾಣದಲ್ಲಿ ಇಳಿದರು. ಪ್ಲಾಟ್‌ಫಾರ್ಮಿನ ಮೇಲೆಯೇ ತಂಬೂರಿ ಶ್ರುತಿ ಮಾಡಿಸಿ, ಹಾಡಿ, ಕಣ್ಣು ಮುಚ್ಚಿದರು. ಅಲ್ಲಿಂದ ಅವರನ್ನು ಈ ಮಣ್ಣಿಗೆ ತಂದರು.

ಶನಿವಾರ: ಸಿತಾರ್‌ಮೇಕರ್ ಗಲ್ಲಿ

ಮಿರಜಿನ ಈ ಗಲ್ಲಿಯ ಮನೆತನಗಳ ಹಿರಿಯರು ಹಿಂದೆ ಕತ್ತಿಗೆ ಸಾಣೆ ಹಿಡಿಯುವ ಶಿಕಲಗಾರರಾಗಿದ್ದರು. ಹತ್ತೊಂಬತ್ತನೆಯ ಶತಮಾನದ ನಡುವೆ, ಕತ್ತಿಯ ಕೆಲಸ ಇಳಿದಾಗ, ಫರೀದ್‌ಸಾಹೇಬ್ ಎಂಬುವರು ಸಿತಾರ್ ತಂಬೂರಿಗಳಿಗೆ ಕೈ ಹಚ್ಚಿದರು. ಮಿರಜ್ ಸಂಸ್ಥಾನದ ಪಟವರ್ಧನ ಅರಸರ ಆಸರೆ ಸಿಕ್ಕಿತು. ಮಿರಜಿನ ಸಿತಾರ್ ಮತ್ತು ತಂಬೂರಿಗೆ 2024ರಲ್ಲಿ ಭೌಗೋಳಿಕ ಸೂಚಿಕೆಯ ಮನ್ನಣೆ ದೊರೆತಿದೆ.

ನಾನು ಹೋದ ಅಂಗಡಿಯ ಮಾಳಿಗೆಯಿಂದ ಬುರುಡೆಗಳು ಸಾಲಾಗಿ ತೂಗುತ್ತಿದ್ದವು. ಪಂಢರಪುರದ ಕಡೆಯ ಹೊಲಗಳಲ್ಲಿ ಬೆಳೆಯುವ ಕಹಿ ಜಾತಿಯವು, ತಿನ್ನಲು ಬರುವುದಿಲ್ಲ. ಒಣಗಿದ ಬುರುಡೆಯನ್ನು ನೀರಿನಲ್ಲಿ ನೆನೆಸಿ ಮೆದು ಮಾಡಿ, ಬಾಯಿ ಕೊಯ್ದು, ಒಳಗಿನ ತಿರುಳು ತೆಗೆದು, ಕಡ್ಡಿಗಳನ್ನು ಅಡ್ಡಗಟ್ಟಿ ಆಕಾರಕ್ಕೆ ತಂದು ಮತ್ತೆ ಒಣಗಿಸುತ್ತಾರೆ. ದಂಡಿಗೆ ತೂನ್ ಮರ. ಬುರುಡೆಯ ಗಾತ್ರವೇ ತಂಬೂರಿಯ ದನಿಯನ್ನು ಅರ್ಧ ತೀರ್ಮಾನಿಸುತ್ತದೆ: ಗಂಡಸರ ಕೆಳಶ್ರುತಿಗೆ ದೊಡ್ಡದು, ನಮಗೆ ಸಣ್ಣದು. ‘ಪಾಂಢರಿ ಪಾಚ್’, ಬಿಳಿ ಐದು, ಎಂದು ಮರಾಠಿಯಲ್ಲಿ ಹೇಳಿದೆ. ಕಾರಿಗರರು ಮೇಲೆ ನೋಡದೆಯೇ ಕೋಲು ಚಾಚಿ ಒಂದು ಬುರುಡೆ ತಟ್ಟಿದರು. ಆಮೇಲೆ ಅದನ್ನು ಬಿಟ್ಟು ಪಕ್ಕದ್ದನ್ನು ತಟ್ಟಿ, ಇದು ಎಂದರು. ಎರಡಕ್ಕೂ ಏನು ವ್ಯತ್ಯಾಸವೆಂದು ನನಗೆ ತಿಳಿಯಲಿಲ್ಲ. ವಿವರಿಸುವ ಗೋಜಿಗೆ ಅವರೂ ಹೋಗಲಿಲ್ಲ.

ಬೆಳಗಿನ ಬಹುಪಾಲು ನಾನು ನೋಡುತ್ತ ಕೂತದ್ದು ಜವಾರಿ ತೆಗೆಯುವ, ಅಂದರೆ ತಂತಿಗಳನ್ನು ಹೊತ್ತಿರುವ ಕುದುರೆಯನ್ನು ತಿದ್ದುವ ಕೆಲಸ. ತಂಬೂರಿಯ ಕುದುರೆ ಪಿಟೀಲಿನದರಂತೆ ಚೂಪಲ್ಲ, ಅಗಲ. ಅದರ ಬೆನ್ನಿಗೆ ಕಣ್ಣಿಗೆ ಕಾಣದಷ್ಟು ಸಣ್ಣ ಇಳಿಜಾರು ಕೊಡಬೇಕು. ತಂತಿ ಆ ಇಳಿಜಾರನ್ನು ಸವರುತ್ತ ಮಿಡಿದಾಗ ಒಳಗಿನ ಉಪಸ್ವರಗಳೆಲ್ಲ ಹೊರಗೆ ಬರುತ್ತವೆ. ಕುದುರೆಗೂ ತಂತಿಗೂ ನಡುವೆ ತೂರಿಸುವ ಜೀವಾಳದ ಎಳೆ ಕೂದಲೆಳೆಯಷ್ಟು ಸರಿದರೂ ದನಿ ಮುಚ್ಚುತ್ತದೆ. ಸಿ. ವಿ. ರಾಮನ್ 1921ರಲ್ಲಿ ಈ ಬಗ್ಗೆ ಬರೆದಿದ್ದಾರೆ: ತಂತಿಯನ್ನು ಮೀಟಿದ ಜಾಗದ ಲೆಕ್ಕದಲ್ಲಿ ಕೆಲವು ಉಪಸ್ವರಗಳು ಕೇಳಿಸಲೇಬಾರದು, ಆದರೂ ತಂಬೂರಿ ವೀಣೆಗಳಲ್ಲಿ ಅವು ಗಟ್ಟಿಯಾಗಿಯೇ ಕೇಳುತ್ತವೆ, ಕಾರಣ ಈ ಕುದುರೆ. ಕಾರಿಗರರಿಗೆ ಇದನ್ನು ಹೇಳಿದೆ. ಅರ ಹಿಡಿದು ಕುದುರೆಯ ಮೇಲೆ ಎರಡು ಸಲ ಎಳೆದು, ತಂತಿ ಮೀಟಿ, ಮತ್ತೆ ಎಳೆದು, ‘ಅವರು ಹೇಳಿದ್ದು ಸರಿ ತಾಯಿ. ಎಷ್ಟು ಎಳೆದರೆ ಸಾಕು ಎಂಬುದನ್ನು ಬರೆದಿದ್ದಾರೆಯೇ?’ ಎಂದರು.

ಗಿರಾಕಿ ಕಡಿಮೆ ಎಂದು ಅವರು ಗೊಣಗಲಿಲ್ಲ, ನಾನೇ ಕೇಳಿದೆ. ಎಲೆಕ್ಟ್ರಾನಿಕ್ ತಂಬೂರಿ ಬಂದ ಮೇಲೆ ಇಳಿಯಿತು, ಮೊಬೈಲ್ ಬಂದ ಮೇಲೆ ಇನ್ನೂ ಇಳಿಯಿತು ಎಂದರು. ಆ ಪೆಟ್ಟಿಗೆ ಮೊದಲು ತಯಾರಾದದ್ದು ನಮ್ಮ ಬೆಂಗಳೂರಿನಲ್ಲೇ, 1970ರ ದಶಕದ ಕೊನೆಯಲ್ಲಿ. ಆ ವಿಷಯ ಅವರಿಗೂ ಗೊತ್ತಿತ್ತು. ಮಗ ಈಗಲೂ ಕೆಲಸಕ್ಕೆ ಕೂರುತ್ತಾನೆ, ಮೊಮ್ಮಗನ ಮನಸ್ಸು ಪುಣೆಯ ಕಡೆ ಇದೆ.

ಆಮೇಲೆ ಅವರು ನನ್ನನ್ನೇ ಪರೀಕ್ಷೆಗೆ ಕೂರಿಸಿದರು. ಗೋಡೆಗೆ ಒರಗಿಸಿದ್ದ ತಯಾರಾದ ತಂಬೂರಿಯೊಂದರ ಬಿರಡೆಗಳನ್ನೆಲ್ಲ ಬೇಕೆಂದೇ ಸಡಿಲಿಸಿ, ಜೀವಾಳದ ಎಳೆ ಕಿತ್ತು ಕೈಗಿಟ್ಟು, ಶ್ರುತಿ ಮಾಡಿ ಎಂದರು. ಪಂಚಮ, ಜೋಡಿ ಷಡ್ಜ, ಮಂದ್ರ ಷಡ್ಜ. ಜೋಡಿಯಲ್ಲಿ ಒಂದು ತಂತಿ ಬಹಳ ಹೊತ್ತು ಸತಾಯಿಸಿತು. ಮಣಿಯನ್ನು ಕೆಳಕ್ಕೆ ಸರಿಸಿ, ಎಳೆಯನ್ನು ಹಿಂದೆ ಮುಂದೆ ಮಾಡಿ, ಎರಡೂ ಒಂದಾದ ಮೇಲೆ ಮಂದ್ರದ ಹಿತ್ತಾಳೆ ತಂತಿಯಿಂದ ಗಾಂಧಾರ ತಾನಾಗಿ ಎದ್ದು ಕೇಳಿಸಿತು. ಯಾರೂ ಮೀಟದ, ಯಾರೂ ಅಲುಗಿಸದ ಅಂತರ ಗಾಂಧಾರ. ನಿನ್ನೆ ಮೊನ್ನೆಯ ವಾದದಲ್ಲಿ ನನ್ನ ವಿರುದ್ಧ ಸಾಕ್ಷಿ ಹೇಳಲೆಂದೇ ಬಂದಂತಿತ್ತು. ಅದು ತೋಡಿಯ ಗಾಂಧಾರವಲ್ಲ ಎಂದು ನನಗೆ ನಾನೇ ಹೇಳಿಕೊಂಡೆ.

ಕಾರಿಗರರು ತೃಪ್ತರಾಗಿ ಮುಂಗಡದ ಚೀಟಿ ಬರೆದರು. ಮಳೆಗಾಲದಲ್ಲಿ ಪಾಲಿಶ್ ಒಣಗುವುದಿಲ್ಲ, ದೀಪಾವಳಿ ಮುಗಿಸಿ ಬನ್ನಿ ಎಂದರು. ಪಾರ್ಸಲ್ ಮಾಡಿ ಕಳಿಸಲಾಗದೇ ಎಂದು ಕೇಳಿದ್ದಕ್ಕೆ, ಬುರುಡೆ ಒಡೆದು ಬಂದ ಒಂದು ತಂಬೂರಿಯನ್ನು ಮೂಲೆಯಿಂದ ತಂದು ತೋರಿಸಿದರು. ಇಬ್ಬರು ಬನ್ನಿ, ಒಬ್ಬರು ಸಾಮಾನು ನೋಡಿಕೊಳ್ಳಲು, ಒಬ್ಬರು ತಂಬೂರಿ ನೋಡಿಕೊಳ್ಳಲು.

ಯಾರನ್ನು ಕರೆತರಬೇಕೆಂದು ಗಲ್ಲಿ ದಾಟುವುದರೊಳಗೆ ನಿಶ್ಚಯವಾಗಿತ್ತು. ಮೊಬೈಲ್ ಶ್ರುತಿಯೇ ಸಾಕು ಮೇಡಂ, ಅದು ಕೆಡುವುದೇ ಇಲ್ಲ ಎಂದು ವಾದಿಸುವ ಒಬ್ಬಳಿದ್ದಾಳೆ. ಅವಳನ್ನು ಮೊದಲು ಕುಂದಗೋಳದ ಪ್ಯಾಸೆಂಜರ್ ಹತ್ತಿಸಬೇಕು, ಆಮೇಲೆ ಇಲ್ಲಿಗೆ ತಂದು ಆ ಜೋಡಿ ತಂತಿಗಳ ಮುಂದೆ ಕೂರಿಸಬೇಕು. ವಾಪಸು ಬರುವಾಗ ಕೆಳಗಿನ ಬರ್ತ್ ತಂಬೂರಿಗೆ, ನಾವಿಬ್ಬರೂ ಮೇಲೆ. ನಿಲ್ದಾಣ ತಲುಪಿದವಳೇ ದೀಪಾವಳಿಯ ನಂತರದ ಗಾಡಿಗೆ ಮುಂಗಡ ಟಿಕೆಟ್ ಯಾವಾಗ ತೆರೆಯುತ್ತದೆಂದು ಕಿಟಕಿಯಲ್ಲಿ ವಿಚಾರಿಸಿದೆ.